ಕೊಟ್ಟರೂ ಕಾಣದ ಜಾಗ

ನದಿಯ ದಂಡೆಯ ಆಶ್ರಮದಲ್ಲಿ ಅಡವೀಶಪ್ಪಗಳೆಂಬ ಗುರುಗಳಿದ್ದರು. ಶಿವಧ್ಯಾನವನ್ನು ಬಲ್ಲಷ್ಟೇ ಕಂಪ್ಯೂಟರನ್ನೂ ಬಲ್ಲವರು. ಎರಡಕ್ಕೂ ಬೇಕಾದ ತಾಳ್ಮೆ ಒಂದೇ ಎನ್ನುತ್ತಿದ್ದರು.

ಅವರ ಶಿಷ್ಯ ಚನವೀರ. ಹಿರಿಯರಿಂದ ಹಳೆಯ ತತ್ವಪದಗಳನ್ನು ಹಾಡಿಸಿ, ಕಂಪ್ಯೂಟರಿನಲ್ಲಿ ಉಳಿಸಿಡುವುದು ಅವನ ಸೇವೆ.

ಆಶ್ರಮಕ್ಕಿದ್ದದ್ದು ಒಂದೇ ಕಂಪ್ಯೂಟರ್. ಅದರೊಳಗೆ ಗುರುಗಳು ಇನ್ನೊಂದನ್ನು ಸೃಷ್ಟಿಸಿ ಶಿಷ್ಯನಿಗೆ ಒಪ್ಪಿಸಿದ್ದರು. ವರ್ಚುವಲ್ ಮಷೀನ್ ಎನ್ನುತ್ತಾರೆ ಅದಕ್ಕೆ. ಅದಕ್ಕೆ ಸ್ವಂತ ಮೈಯಿಲ್ಲ. ಹೊರಗಿನದು ಕೊಟ್ಟಷ್ಟೇ ಅದರ ಬದುಕು. ಆದರೂ ತಾನೇ ಪೂರ್ಣವೆಂದು ಅದರ ನಂಬಿಕೆ. ಅದನ್ನು ನೋಡಿ ನಗುವ ಹಕ್ಕು ನಮಗೆಲ್ಲಿದೆ!

ಒಂದು ಬೆಳಿಗ್ಗೆ ನೀಲವ್ವಜ್ಜಿ ಹಾಡಲು ಬಂದು ಕುಳಿತಳು. ಅವಳಿಗೆ ಬರುವ ಪದಗಳು ಇನ್ನಾರಿಗೂ ಬಾರವು.

ಚನವೀರ ಧ್ವನಿಮುದ್ರಣ ಶುರುಮಾಡಿದ. ಡಿಸ್ಕ್ ತುಂಬಿದೆ ಎಂದಿತು ಪರದೆ.

ಅವನು ಗುರುಗಳ ಬಳಿಗೆ ಓಡಿದ.

"ಅಪ್ಪಾರ, ಜಾಗ ಇಮ್ಮಡಿ ಮಾಡೀನಿ ಅಂದಿದ್ರಿ. ಒಂದು ಹನಿನೂ ಹೆಚ್ಚಿಲ್ರಿ."

"ನಿನ್ನೇನ ಕೊಟ್ಟೀನಲ್ಲೋ."

"ಒಳಗ ಹಳೇ ಲೆಕ್ಕಾನ ತೋರಸ್ತದ್ರಿ."

"ನಾ ಕೊಟ್ಟೀನಿ," ಎಂದರು ಗುರುಗಳು, ಅಷ್ಟೇ ಮೆತ್ತಗೆ.

ಚನವೀರ ಮುಖ ಗಂಟಿಕ್ಕಿಕೊಂಡು ಮರಳಿದ. ಗುರುಗಳಿಗೆ ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡ. ಹಳೆಯದನ್ನು ಅಳಿಸದೆ ಹೊಸದಕ್ಕೆ ದಾರಿಯಿಲ್ಲ ಎನಿಸಿತು.

"ಯಮ್ಮಾ, ಹೋದ ವರ್ಷ ಹಾಡಿದ್ದು ಅಳಸ್ತೀನಿ. ಆಮ್ಯಾಲ ಮತ್ತೊಮ್ಮೆ ಹಾಡಿದ್ರಾತು."

ಅಜ್ಜಿ ಸೆರಗನ್ನು ಬಿಗಿಯಾಗಿ ಹಿಡಿದಳು.

"ಆಗ ಉಸಿರಿತ್ತೋ ತಮ್ಮಾ. ಆ ಎತ್ತರದ ಪದ ಈಗ ನನ್ನ ಎದಿಗೆ ನಿಲುಕೂದಿಲ್ಲ."

ಅವನ ಬೆರಳು ಅಳಿಸುವ ಗುಂಡಿಯ ಮೇಲೆಯೇ ಇತ್ತು.

"ಪ್ರಸಾದಕ್ಕ ಏಳು," ಎಂದು ಬಾಗಿಲಲ್ಲಿ ಗುರುಗಳ ದನಿ ಕೇಳಿತು. "ಅಳಸೋದು ಉಂಡ ಮ್ಯಾಲ."

ಗುರುವಿನ ಮಾತು ಮೀರಲಾರದೆ ಎದ್ದ. ಅಜ್ಜಿಯೂ ಪಂಕ್ತಿಯಲ್ಲಿ ಅವನ ಪಕ್ಕದಲ್ಲೇ ಕುಳಿತಳು.

ಅಂದು ಗುರುಗಳು ತಾವೇ ಎಲೆ ಹಾಕಿದರು, ತಾವೇ ಬಡಿಸಿದರು. ಅಂಥ ಭಾಗ್ಯ ಸಿಕ್ಕಿದ್ದನ್ನೂ ಚನವೀರ ಗಮನಿಸಲಿಲ್ಲ. ಅವನ ಚಿತ್ತವೆಲ್ಲ ಪರದೆಯ ಮೇಲಿತ್ತು.

ಅನ್ನ ಬಿತ್ತು. ಪಲ್ಯ ಬಿತ್ತು. ಸಾರು ಎಲೆಯಂಚು ದಾಟಿ ನೆಲಕ್ಕೆ ಹರಿಯಿತು. ಗುರುಗಳು ಹುಗ್ಗಿಯ ಸೌಟು ಎತ್ತಿದರು.

"ಸಾಕ್ರಿ ಅಪ್ಪಾರ! ಎಲಿ ತುಂಬೇದ, ಜಾಗ ಇಲ್ರಿ!"

ಅಜ್ಜಿ ಬಗ್ಗಿ ನೋಡಿ ಕಿಲಕಿಲ ನಕ್ಕಳು.

"ಅಯ್ಯ ನಿನ್ನ! ಅರ್ಧ ಎಲಿ ಕೆಳಗ ಮಡಚಿಕೊಂಡು ಕುಂತಿ. ಬಿಚ್ಚೋ ಮಾರಾಯಾ!"

ಚನವೀರ ನೋಡಿದ. ಎಲೆಯ ಅರ್ಧ ಭಾಗ ಕೆಳಗೆ ಮಡಚಿಕೊಂಡಿತ್ತು.

ಅವನ ಕೈ ಅಲ್ಲೇ ನಿಂತಿತು. ಗುರುಗಳ ಮುಖ ನೋಡಿದ. ಅವರು ಏನೂ ಅರಿಯದವರಂತೆ ಸೌಟು ಹಿಡಿದು ಕಾಯುತ್ತಿದ್ದರು.

ಅವನು ಮಡಿಕೆ ಬಿಚ್ಚಿದ. ಹುಗ್ಗಿ ಬಿತ್ತು. ಎಲ್ಲವನ್ನೂ ಉಂಡು, ಕೈ ತೊಳೆದು, ಯಂತ್ರದ ಮುಂದೆ ಕುಳಿತ.

ಹೊರಗಿನಿಂದ ಗುರುಗಳು ಡಿಸ್ಕನ್ನು ಬೆಳೆಸಿದ್ದು ನಿಜವೇ. ಒಳಗೆ ಪಾರ್ಟಿಷನ್ ಎಂಬ ಗಡಿ ಮಾತ್ರ ಹಳೆಯ ಜಾಗದಲ್ಲೇ ನಿಂತಿತ್ತು. ಅದರಾಚೆ ಬಯಲು ಖಾಲಿ ಬಿದ್ದಿತ್ತು. ಅವನು ಗಡಿಯನ್ನು ಕೊನೆಯ ತನಕ ಸರಿಸಿದ. ಫೈಲುಗಳ ನೆಲೆಯನ್ನೂ ಅಲ್ಲಿಯ ತನಕ ಹರಡಿದ. ಒಂದನ್ನೂ ಅಳಿಸಲಿಲ್ಲ. ಪರದೆಯ ಲೆಕ್ಕ ಇಮ್ಮಡಿಯಾಯಿತು.

ನೀಲವ್ವಜ್ಜಿ ಕಣ್ಣು ಮುಚ್ಚಿ ಹಾಡಿದಳು. ಇಳಿದನಿಯ ಪದ, ಆದರೆ ನದಿಯೂ ಕಿವಿಗೊಟ್ಟಂತೆ ಇತ್ತು.

ಹಾಡು ಮುಗಿದಾಗ ಚನವೀರ ಗುರುಗಳ ಪಾದಕ್ಕೆ ಹಣೆಯಿಟ್ಟ.

"ಬಂತ್ರಿ ಅಪ್ಪಾರ. ನೀವು ಕೊಟ್ಟ ಜಾಗ ಇವತ್ತ ಬಂತ್ರಿ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಜಾಗ ನಿನ್ನೇನ ಬಂದಿತ್ತಪಾ. ಇವತ್ತ ಬಂದಾಂವ ನೀನು."