ಡಚೆಸ್ ಹೇಳಿಕೊಟ್ಟ ಪಾಠ

ಮುದಿ ನಾಯಿ ಡಚೆಸ್‌ಳದು ಮರ್ಯಾದಸ್ಥ ಮನೆತನ. ಅವಳ ಅಜ್ಜಿಯೂ ತಾಯಿಯೂ ಇದೇ ಬಂಗಲೆಯ ಗೇಟು ಕಾದವರು. ಅತಿಥಿಗಳ ಮೈಮೇಲೆ ಒಮ್ಮೆಯೂ ಹಾರಿದವರಲ್ಲ. ಹಾಗಾಗಿ ಹೊಸ ಮರಿ ಬುಂಡನಿಗೆ ಶಿಸ್ತು ಕಲಿಸುವ ಕೆಲಸ ಅವಳ ಪಾಲಿಗೇ ಬಂತು. ಸಂಜೆ ನೆಂಟರು ಬರುವುದರೊಳಗೆ ಮರಿ ಹೇಳಿದ ಮಾತು ಕೇಳದಿದ್ದರೆ ಇಬ್ಬರನ್ನೂ ಹಿತ್ತಲಲ್ಲಿ ಕಟ್ಟಿಹಾಕುವುದಾಗಿ ಯಜಮಾನಿ ಎಚ್ಚರಿಸಿದ್ದಳು.

"ಕುಳಿತುಕೋ," ಎಂದಳು ಡಚೆಸ್.

ಬುಂಡ ನಿಂತೇ ಬೊಗಳಿದ. ಅವಳಿಗೋ ವಯಸ್ಸಾಗಿತ್ತು, ಆ ಗದ್ದಲ ತಲೆಗೆ ಹೊಡೆಯುತ್ತಿತ್ತು. ಸದ್ಯ ಬಾಯಿ ಮುಚ್ಚಿದರೆ ಸಾಕೆಂದು ತನ್ನ ತಟ್ಟೆಯ ಚಪಾತಿ ಚೂರೊಂದನ್ನು ಅವನ ಮುಂದೆ ತಂದು ಹಾಕಿದಳು. ಅವನು ತಿಂದು, ಮತ್ತೆ ಬೊಗಳಿದ. ಅವಳು ನಿಟ್ಟುಸಿರು ಬಿಟ್ಟು ಮತ್ತೊಂದು ಚೂರು ತಂದಳು. ದಿನವೆಲ್ಲ ಪಾಠ ಹೀಗೆಯೇ ಸಾಗಿತು.

ಸಂಜೆ ನೆಂಟರು ಬಂದರು. "ಕುಳಿತುಕೋ!" ಎಂದು ಡಚೆಸ್ ಗದರಿದಳು. ಬುಂಡ ನೆಂಟರೊಬ್ಬರ ರೇಷ್ಮೆ ಸೀರೆಯ ಮೇಲೆ ಮುಂಗಾಲೂರಿ, ಡಚೆಸ್‌ಳತ್ತ ತಿರುಗಿ ಜೋರಾಗಿ ಬೊಗಳಿದ. ಡಚೆಸ್ ತಟಕ್ಕನೆ ಎದ್ದು ಚಪಾತಿ ತರಲು ಒಳಗೆ ಓಡಿದಳು.

ಯಜಮಾನಿ ಇಬ್ಬರನ್ನೂ ಹಿತ್ತಲಲ್ಲಿ ಕಟ್ಟಿದಳು.

"ಅಜ್ಜಮ್ಮ, ಪಾಠವೇನೋ ಚೆನ್ನಾಗಿಯೇ ಆಗಿದೆ," ಎಂದಿತು ಕಾಂಪೌಂಡ್ ಗೋಡೆಯ ಮೇಲಿದ್ದ ಬೆಕ್ಕು. "ಅವನು ಒಂದು ಸಲ ಕೂಗಿದರೆ ಸಾಕು, ನೀವು ಎಷ್ಟು ವಿಧೇಯರಾಗಿ ಓಡುತ್ತೀರಿ!"

ಅಷ್ಟರಲ್ಲಿ ಬುಂಡ ಬೊಗಳಿದ. ಡಚೆಸ್ ತನ್ನ ರಾತ್ರಿಯೂಟದ ತಟ್ಟೆಯನ್ನು ಮೂತಿಯಿಂದ ಅವನತ್ತ ತಳ್ಳಿ, ದಣಿದ ಕಣ್ಣುಗಳನ್ನು ಬೆಕ್ಕಿನ ಕಡೆ ಎತ್ತಿದಳು.

"ಇದು ಉದ್ಧಟತನ. ಈಗಲೇ ಕ್ಷಮೆ ಕೇಳು."