ಆಸ್ಥಾನಕ್ಕೆ ಬಂದ ಗುಂಡಿ

ಬಿಳಿಗಲ್ಲುದುರ್ಗದ ಪಾಳೆಯಗಾರ ಜಟಂಗಿನಾಯಕನಿಗೆ ತನ್ನ ಅಪ್ಪಣೆಯ ಮೇಲೆ ವಿಪರೀತ ನಂಬಿಕೆ. "ನಾನು ಹೇಳದೆ ಈ ದುರ್ಗದಲ್ಲಿ ಕಾಗೆ ಕೂಡ ಕೂಗೋದಿಲ್ಲ" ಎಂದು ಆತ ಅಂದರೆ, ಕಿಟಕಿಯಲ್ಲೇ ಕಾಗೆ ಅರಚುತ್ತಿದ್ದರೂ ಆಸ್ಥಾನಿಕರು "ಹೌದು ಮಹಾಸ್ವಾಮಿ, ಎಂಥಾ ನಿಶ್ಶಬ್ದ!" ಎನ್ನುತ್ತಿದ್ದರು.

ಈಚೆಗೆ ಆತನಿಗೆ ಅರಮನೆಯನ್ನು ಚಂದ್ರನಿಗಿಂತ ಬೆಳ್ಳಗೆ ಮಾಡಬೇಕೆಂಬ ಹುಚ್ಚು ಹಿಡಿದಿತ್ತು. ಅದಕ್ಕೆ ಸುಣ್ಣ ಬೇಕು. ಸುಣ್ಣದ ಕಲ್ಲು ಊರಿನ ಕೆಳಗೇ ಇತ್ತು. ಕಲ್ಲುಕುಟಿಗರು ಸುರಂಗ ಕೊರೆದು ತೆಗೆದದ್ದೇ ತೆಗೆದದ್ದು. ಮೇಲೆ ಅರಮನೆ ಬೆಳ್ಳಗಾಗುತ್ತಿತ್ತು, ಕೆಳಗೆ ಊರು ಪೊಳ್ಳಾಗುತ್ತಿತ್ತು.

ಆಸ್ಥಾನದಲ್ಲಿ ಹಂಪಯ್ಯ ಎಂಬ ಮಾತುಗಾರನಿದ್ದ. ನಾಯಕನನ್ನು ನಗಿಸುವುದು ಅವನ ಉದ್ಯೋಗ. "ಪ್ರಭು, ಸುರಂಗ ನಿಲ್ಲಿಸಿ, ನೆಲ ಕುಸಿಯುತ್ತೆ" ಎಂದು ಅವನು ಎಷ್ಟೋ ಸಲ ಹೇಳಿದ್ದ. ನಾಯಕ ಪ್ರತಿಸಲವೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅದನ್ನೂ ಹಾಸ್ಯ ಅಂದುಕೊಂಡಿದ್ದ.

ಒಂದು ಬೆಳಿಗ್ಗೆ ಕುಂಬಾರರ ಕೇರಿಯ ಶಿವಕ್ಕ ಖಾಲಿ ಕೊಡ ಹಿಡಿದುಕೊಂಡು ಓಡೋಡಿ ಆಸ್ಥಾನಕ್ಕೆ ಬಂದಳು.

"ಬುದ್ಧೀ, ಒಲೆ ಮೇಲೆ ಅಂಬಲಿ ಇಟ್ಟು ನೀರಿಗೆ ಹೋಗಿದ್ದೆ. ಬಂದು ನೋಡಿದರೆ ಅಂಬಲಿ ಇಲ್ಲ, ಒಲೆ ಇಲ್ಲ, ಮನೆಯೇ ಇಲ್ಲ! ನೆಲ ಬಾಯಿ ತೆಗೆದು ನುಂಗಿಬಿಟ್ಟಿದೆ. ಹಿತ್ತಲ ಬಾಗಿಲೊಂದು ನಿಂತಿದೆ, ಅದೂ ಅಗುಳಿ ಹಾಕಿಕೊಂಡು!"

ನಾಯಕ ಹುಬ್ಬು ಗಂಟಿಕ್ಕಿದ. "ಗುಂಡಿಯೇ? ನನ್ನ ರಾಜ್ಯದಲ್ಲೇ? ಯಾರ ಅಪ್ಪಣೆ ತಗೊಂಡು ಬಂತು?"

ಪ್ರಧಾನಿ ಮುದ್ದರಸ ಕೈಮುಗಿದು ಮುಂದೆ ಬಂದ. "ತಪ್ಪು ಈ ಕುಂಬಾರರದ್ದೇ, ಮಹಾಸ್ವಾಮಿ. ಮನೆ ತುಂಬ ಮಡಕೆ ಪೇರಿಸಿಟ್ಟರೆ ನೆಲ ಎಷ್ಟು ಭಾರ ಅಂತ ತಡೆದೀತು?"

"ಹಾಗಾದರೆ ಇಡೀ ಕೇರಿಯನ್ನು ಕೋಟೆಯಾಚೆ ಓಡಿಸಿ!"

ಶಿವಕ್ಕನ ಕೈಯಿಂದ ಕೊಡ ಜಾರಿತು. ಹಂಪಯ್ಯನಿಗೆ ತಡೆಯಲಾಗಲಿಲ್ಲ. "ಪ್ರಭು, ಗುಂಡಿಯನ್ನು ವಿಚಾರಿಸದೆ ಜನರಿಗೆ ಶಿಕ್ಷೆ ಕೊಡೋದು ನ್ಯಾಯವೇ?"

ನಾಯಕ ಮೀಸೆ ತಿರುವಿದ. "ಸರಿ, ನಾಳೆ ಆ ಗುಂಡಿಯನ್ನು ಹಿಡಿದು ತಂದು ಇಲ್ಲಿ ನಿಲ್ಲಿಸು. ತರದಿದ್ದರೆ ಕೇರಿಯವರ ಜೊತೆ ನೀನೂ ಗಂಟುಮೂಟೆ ಕಟ್ಟು!"

ಹಂಪಯ್ಯ ಕೇರಿಗೆ ಹೋಗಿ ನೋಡಿದ. ಗುಂಡಿಯ ಅಂಚಿನಲ್ಲಿ ಜನ ಮಕ್ಕಳನ್ನು ಅವುಚಿಕೊಂಡು ನಿಂತಿದ್ದರು. ಒಳಗೆ ಹೋಗಲು ಹೆದರಿ ಮನೆಗಳ ಮುಂದೆಯೇ ಒಲೆ ಹೂಡಿದ್ದರು. ಅವನು ಅಲ್ಲಿಂದ ನೇರ ಸುರಂಗದ ಬಾಯಿಗೆ ಹೋದ. ಕಲ್ಲುಕುಟಿಗರನ್ನು ಕಂಡು, "ಸುರಂಗ ಈಗ ಎಲ್ಲಿಗೆ ಮುಟ್ಟಿದೆ?" ಎಂದು ಕೇಳಿದ. ಅವರು ಹೇಳಿದ್ದನ್ನು ಕೇಳಿ ಹೌಹಾರಿದ. ಆಮೇಲೆ ಸಣ್ಣಗೆ ನಕ್ಕ.

ಮರುದಿನ ಆಸ್ಥಾನ ಕಿಕ್ಕಿರಿದಿತ್ತು, ಶಿವಕ್ಕನೂ ಒಂದು ಮೂಲೆಯಲ್ಲಿ ನಿಂತಿದ್ದಳು. ಹಂಪಯ್ಯ ಹೆಗಲ ಮೇಲೊಂದು ಒನಕೆ ಹೊತ್ತು ಬಂದ.

"ಎಲ್ಲೋ ಗುಂಡಿ?"

"ಬಂದಿದೆ ಮಹಾಸ್ವಾಮಿ. ಬಾಗಿಲಲ್ಲಿ ಹಿಡಿಸಲಿಲ್ಲ, ಅದಕ್ಕೆ ಕೆಳಗಿನಿಂದಲೇ ಬಂತು. ತಮ್ಮ ಮೇಲೆ ಬಹಳ ಭಕ್ತಿ ಅದಕ್ಕೆ. ನೇರವಾಗಿ ತಮ್ಮ ಪಾದದಡಿಯಲ್ಲೇ ಕೂತಿದೆ."

"ಸುಳ್ಳು!"

"ಮಾತಾಡಿಸಿ ನೋಡೋಣ." ಹಂಪಯ್ಯ ಬಾಗಿಲ ಬಳಿ ಒನಕೆ ಕುಟ್ಟಿದ. ಟಣ್ ಎಂದಿತು. ನಡುವೆ ಬಂದು ಕುಟ್ಟಿದ. ಟಪ್ ಎಂದಿತು. ಸಿಂಹಾಸನದ ಪಕ್ಕದಲ್ಲಿ ಮೆಲ್ಲಗೆ ಮುಟ್ಟಿಸಿದ.

ಧುಂ... ಧುಂ... ಧುಂ...

ನಾಯಕ ಎರಡೂ ಕಾಲು ಮೇಲೆತ್ತಿಕೊಂಡ. "ಏ... ಏನನ್ನುತ್ತಿದೆ ಅದು?"

"ಹಸಿವು ಅನ್ನುತ್ತಿದೆ, ಪ್ರಭು. ಹೊಟ್ಟೆಯೊಳಗಿದ್ದ ಕಲ್ಲನ್ನೆಲ್ಲ ತಾವು ಗೋಡೆಗೆ ಬಳಿಸಿಬಿಟ್ಟಿರಲ್ಲ. ಮಡಕೆ ಜಾಸ್ತಿ ರುಚಿಸಲಿಲ್ಲವಂತೆ. ಈಗ ಸ್ವಲ್ಪ ದಷ್ಟಪುಷ್ಟವಾದದ್ದು ಬೇಕಂತೆ."

ನಾಯಕ ಪ್ರಧಾನಿಯ ಕಡೆ ನೋಡಿದ. ದಪ್ಪನೆಯ ಮುದ್ದರಸ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡ.

"ಯಾರೂ ಓಡಬೇಡಿ" ಎಂದ ಹಂಪಯ್ಯ. "ಮೆಲ್ಲಗೆ, ತುದಿಗಾಲಲ್ಲಿ."

ಇಡೀ ಆಸ್ಥಾನ ಕಳ್ಳಬೆಕ್ಕಿನ ಹಾಗೆ ಹೊರಟಿತು. ಮುಂದೆ ಪಾದರಕ್ಷೆ ಕೈಯಲ್ಲಿ ಹಿಡಿದ ನಾಯಕ, ಹಿಂದೆ ಪಂಡಿತರು, ಅವರ ಹಿಂದೆ ಕತ್ತಿ ಖಣಿಲೆನ್ನದಂತೆ ಒತ್ತಿಹಿಡಿದ ದಳವಾಯಿ. ಭಟ್ಟಂಗಿಗಳು ಅಭ್ಯಾಸಬಲದಿಂದ "ಬಹುಪರಾಕ್" ಅಂದರು, ಆದರೆ ಪಿಸುಮಾತಿನಲ್ಲಿ.

ಎಲ್ಲರೂ ಅಂಗಳಕ್ಕೆ ಬಂದಮೇಲೆ ಮುದ್ದರಸನಿಗೆ ಧೈರ್ಯ ಬಂತು. "ಇದೆಲ್ಲ ಈ ಹಂಪಯ್ಯನ ನಾಟಕ, ಮಹಾಸ್ವಾಮಿ! ಒನಕೆಯಲ್ಲೇ ಏನೋ ಮೋಸ..."

ಮಾತು ಮುಗಿಯಲಿಲ್ಲ. ಒಳಗೆ ಗುಡುಗುಡು ಸದ್ದಾಯಿತು. ಸಿಂಹಾಸನ ಒಂದು ಸಲ ವಾಲಿ, ಗಂಭೀರವಾಗಿ ಕೆಳಗಿಳಿದು ಕಾಣೆಯಾಯಿತು. ಬಾಗಿಲಿನಿಂದ ಸುಣ್ಣದ ಧೂಳು ಭುಸ್ಸೆಂದು ಎದ್ದು ಎಲ್ಲರನ್ನೂ ಬೆಳ್ಳಗೆ ಮಾಡಿತು.

ಹಂಪಯ್ಯ ಎರಡು ಹೆಜ್ಜೆ ಹಿಂದೆ ಹಾರಿದ. ಸದ್ದು ಕೇಳಿಸಿ ಹೆದರಿಸಿದರೆ ಸಾಕು ಅಂದುಕೊಂಡಿದ್ದ. ಸರಿಯಾಗಿ ಇದೇ ಹೊತ್ತಿಗೆ ಕುಸಿದೀತೆಂದು ಅವನೂ ಎಣಿಸಿರಲಿಲ್ಲ.

ನಾಯಕ ಬಾಯಿಗೆ ಹೋಗಿದ್ದ ಧೂಳು ಉಗಿದು ಹೇಳಿದ: "ಇವತ್ತೇ ಸುರಂಗ ನಿಲ್ಲಲಿ. ಕೊರೆದದ್ದನ್ನೆಲ್ಲ ಕಲ್ಲುಮಣ್ಣು ತುಂಬಿ ಮುಚ್ಚಿ. ಗಟ್ಟಿ ನೆಲ ನೋಡಿ ಕೇರಿಯವರಿಗೆ ಮನೆ ಕಟ್ಟಿಸಿಕೊಡಿ. ಶಿವಕ್ಕನದು ಮೊದಲು. ಅಲ್ಲಿಯತನಕ ಅವರೆಲ್ಲ ಅತಿಥಿಗೃಹದಲ್ಲಿರಲಿ. ಮುದ್ದರಸ, ತುಂಬುವ ಮಣ್ಣು ನೀನೇ ಹೊರು."

ಶಿವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾಯಕ ಹಂಪಯ್ಯನ ಕಡೆ ತಿರುಗಿದ. "ಅಲ್ಲವೋ, ನೆಲ ಪೊಳ್ಳಾಗಿದೆ ಅಂತ ನೆಟ್ಟಗೆ ನನ್ನ ಕಿವಿಯಲ್ಲಿ ಹೇಳಬಾರದಿತ್ತೇ? ಈ ಒನಕೆ, ಈ ಆಟ ಎಲ್ಲ ಯಾಕೆ?"

ಹಂಪಯ್ಯ ತಲೆಯ ಮೇಲಿನ ಸುಣ್ಣ ಕೊಡವಿಕೊಂಡ.

"ಇಷ್ಟು ದಿನ ಕಿವಿಯಲ್ಲೇ ಹೇಳಿದೆ, ಮಹಾಸ್ವಾಮಿ. ತಮಗೆ ಕೇಳಿಸೋದು ಕುಂಡೆಯಿಂದ ಅಂತ ನನಗೆ ಗೊತ್ತಾದದ್ದೇ ನಿನ್ನೆ!"

ನಾಯಕನ ಮೀಸೆ ಅದುರಿತು. ಮರುಕ್ಷಣ ಆತ ಹೊಟ್ಟೆ ಹಿಡಿದುಕೊಂಡು ನಗತೊಡಗಿ, ಕೊರಳ ಹಾರ ತೆಗೆದು ಹಂಪಯ್ಯನಿಗೆ ಹಾಕಿದ.

"ಸ್ವಲ್ಪ ಮೆಲ್ಲಗೆ ನಗಿ, ಪ್ರಭು" ಎಂದ ಹಂಪಯ್ಯ, ಕಾಲ ಬುಡ ನೋಡಿಕೊಳ್ಳುತ್ತ. "ಈ ಅಂಗಳವನ್ನು ನಾನಿನ್ನೂ ಕುಟ್ಟಿ ನೋಡಿಲ್ಲ."