ಅಡಿವೆಪ್ಪ ನೀಡಿದ ಊಟ

ಒಂದು ಊರು. ಊರ ಹೊರಗೊಂದು ಹತ್ತಿ ಗಿರಣಿ. ಗಿರಣಿ ಮುಂದೊಂದು ಖಾನಾವಳಿ. ಖಾನಾವಳಿ ಶಿವಗಂಗವ್ವನದು. ಅವಳಿಗೆ ಒಬ್ಬನೇ ಮಗ, ಅಡಿವೆಪ್ಪ. ವಯಸ್ಸು ಮೂವತ್ತೆರಡು. ಮೀಸೆ ಬೆಳೆದಿತ್ತು, ಬುದ್ಧಿ ಬೆಳೆಯುವುದನ್ನು ಮರೆತಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಹೇಳದೇ ಇದ್ದದ್ದನ್ನು ಜಪ್ಪಯ್ಯ ಅಂದರೂ ಮಾಡುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ!

ಗಿರಣಿಯ ಮೂವತ್ತು ಮಂದಿ ದಿನಾ ಮಧ್ಯಾಹ್ನ ಶಿವಗಂಗವ್ವನ ಕೈಯ ರೊಟ್ಟಿ ಉಣ್ಣುತ್ತಿದ್ದರು. ಅವರು ಬಂದರೆ ಒಲೆ ಹೊತ್ತಿತು, ಬರದಿದ್ದರೆ ಆರಿತು, ಅಷ್ಟೇ ಅವಳ ಬಾಳು. ಹೀಗಿರುವಾಗ ರಸ್ತೆಯ ಆಚೆಗೆ ಗಾಜಿನ ಬಾಗಿಲಿನ ದೊಡ್ಡ ಹೋಟೆಲ್ ಬಂತು. ಬಂದದ್ದೇ ಶಿವಗಂಗವ್ವನ ಹತ್ತಿರ ಊಟ ನೀಡುತ್ತಿದ್ದ ಆಳನ್ನು ಎಳೆದುಕೊಂಡಿತು. ಇನ್ನು ಯಾರು ನೀಡಬೇಕು? ಅವಳು ಹಂಚಿನ ಮುಂದಿನಿಂದ ಏಳುವ ಹಾಗಿಲ್ಲ. ಎದ್ದರೆ ರೊಟ್ಟಿ ಸೀಯುತ್ತದೆ.

"ಅಡಿವ್ಯಾ, ನೀನ ನೀಡಬೇಕೋ! ಗಿರಣಿ ಮಂದಿ ಆ ಕಡೆ ಹೋದ್ರ ನಾವು ಬಾಗಲಾ ಹಾಕಿದಂಗ. ಸಾಕು ಅಂದವರಿಗೆ ನಿಲ್ಲಿಸು, ಬೇಕು ಅಂದವರಿಗೆ ನೀಡು. ತಿಳೀತಿಲ್ಲೋ?"

"ತಿಳೀತವ್ವಾ!"

ಮೊದಲು ಬಂದವರು ಒಬ್ಬ ಹಿರಿಯರು. ನಮ್ಮ ಕಡೆ ಮರ್ಯಾದಸ್ಥರು ಹೇಗೆ ಉಣ್ಣುತ್ತಾರೆ ನಿಮಗೆ ಗೊತ್ತಲ್ಲ? ಮೊದಲ ರೊಟ್ಟಿಗೇ "ಸಾಕಪಾ ಸಾಕು" ಅನ್ನುತ್ತಾರೆ. ನೀಡುವವನು "ಹೆಂಗ ಸಾಕ್ರೀ?" ಅನ್ನಬೇಕು, ಇವರು ತಲೆ ಆಡಿಸಬೇಕು, ಅವನು ಇನ್ನೊಂದು ಹಾಕಬೇಕು. ಹಿರಿಯರು ಸಾಕು ಅಂದರು. ಅಡಿವೆಪ್ಪ ಬುಟ್ಟಿ ಎತ್ತಿಕೊಂಡು ಹೋಗೇಬಿಟ್ಟ! ಪಾಪ, ಅವರು ಒಂದು ರೊಟ್ಟಿ ತಿಂದು, ದಾರಿ ನೋಡಿ ನೋಡಿ, ಕೈ ತೊಳೆದು ಎದ್ದರು.

"ಅಯ್ಯೋ ಪೆದ್ದಾ! ಬಾಯಿ ಮಾತು ಕೇಳತಾರೇನೋ? ಬ್ಯಾಡಾದವರು ತಾಟಿನ ಮ್ಯಾಲೆ ಕೈ ಅಡ್ಡ ಹಿಡೀತಾರ. ಕೈ ಅಡ್ಡ ಬರೋತನಕ ನೀಡು!"

"ಆತವ್ವಾ, ಕೈ ಅಡ್ಡ ಬರೋತನಕ!"

ಮರುದಿನ ಗಿರಣಿಯ ಮೇಸ್ತ್ರಿ ದಾವಲಸಾಬ ಬಂದ. ಎಡಗೈ ಮುರಿದು ಕೊರಳಿಗೆ ಕಟ್ಟಿಕೊಂಡಿದ್ದ. ಬಲಗೈಯಲ್ಲಿ ನೀರಿನ ಚರಿಗೆ. ಅಡಿವೆಪ್ಪ ಸಾರು ಹೊಯ್ದ.

"ಸಾಕೋ!"

ಇನ್ನೂ ಹೊಯ್ದ.

"ಸಾಕೋ ಮಾರಾಯಾ! ಸಾಕೋ!"

ಬಾಯಿ ಮಾತು ಯಾರು ಕೇಳುತ್ತಾರೆ? ಅಡಿವೆಪ್ಪನ ಕಣ್ಣು ಕೈ ಮೇಲೆ. ಕೈ ಅಡ್ಡ ಬರಲಿಲ್ಲ. ತಾಟು ತುಂಬಿತು, ನೆಲ ತುಂಬಿತು, ಕುದಿಯುವ ಸಾರು ದಾವಲಸಾಬನ ತೊಡೆಗೆ ಇಳಿಯಿತು. ಅವನು ಜಿಗಿದ ಜಿಗಿತಕ್ಕೆ ಚರಿಗೆ ಚಾವಣಿಗೆ ಬಡಿಯಿತು!

"ಶಿವಗಂಗವ್ವಾ! ನಿನ್ನ ಮಾರಿ ನೋಡಿ ಇವತ್ತ ಬಿಟ್ಟೀನಿ! ಎದುರಿಗೆ ಹೋಟೆಲ್ ಐತಿ, ನೆನಪಿರಲಿ!"

ಶಿವಗಂಗವ್ವ ಓಡಿಬಂದಳು. ಮಗನ ಕಿವಿ ಹಿಡಿದಳು. "ತುಂಬಿದ ತಾಟಿಗೆ ಹೊಯ್ತಾರೇನೋ ಹುಚ್ಚಾ? ಖಾಲಿ ತಾಟು ಕಂಡ್ರ ಅಷ್ಟ ನೀಡು!"

"ಖಾಲಿ ತಾಟು ಕಂಡ್ರ ಅಷ್ಟ!"

ಮೂರನೆಯ ದಿನ ಗಿರಣಿ ಮಂದಿ ಬರುವ ಹೊತ್ತಿಗೆ ಸರಿಯಾಗಿ ಅಡಿವೆಪ್ಪ ಹಿತ್ತಲಿಗೆ ಹೋದ. ಅಲ್ಲಿ ಏನು ಕಂಡ? ಕಟ್ಟೆಯ ಮೇಲೆ ತೊಳೆದು ಒಣಗಿಸಿದ ತಾಟು! ಎಲ್ಲಾ ಖಾಲಿ! ಒಂದೊಂದಕ್ಕೂ ಎರಡು ರೊಟ್ಟಿ, ಬದನೆಯ ಎಣಗಾಯಿ, ಚಟ್ನಿ, ಮೊಸರು ನೀಡಿದ. ಕಟ್ಟೆಯ ತುಂಬ ಊಟ. ಊಟದ ಮುಂದೆ ಕಾಗೆ. ಒಳಗೆ ಮೂವತ್ತು ಮಂದಿ ಬರಿಗೈಯಲ್ಲಿ!

ದಾವಲಸಾಬ ಎದ್ದುನಿಂತು ಖಡಾಖಂಡಿತ ಹೇಳಿದ. "ಬೇಸ್ತವಾರ ಗಿರಣಿ ಸಾವ್ಕಾರ್ರನ್ನ ಕರಕೊಂಡು ಬರ್ತೀನಿ. ಅವರು ಉಂಡು ಛಲೋ ಅಂದ್ರ ಇಲ್ಲೇ ಇರ್ತೀವಿ. ಇಲ್ಲಾಂದ್ರ ಅವತ್ತ ರಸ್ತೆ ದಾಟ್ತೀವಿ."

ಶಿವಗಂಗವ್ವ ಅತ್ತಳು. ಅತ್ತು ಮುಗಿಸಿ ಬೈದಳು. ಬೈದು ಮುಗಿಸಿ ಬುದ್ಧಿ ಹೇಳಿದಳು. "ತಾಟಿಗೆ ಹಸಿವು ಆಗತೈತೇನೋ? ಮನಶ್ಯಾನ್ನ ನೋಡೋ! ಹಸದಾವ ಸುಮ್ಮನ ಕುಂತಿರ್ತಾನ. ಹೊಟ್ಟಿ ತುಂಬಿದಾವ ತೇಗ್ತಾನ. ತೇಗಿದಾ ಅಂದ್ರ ತಾಟು ಎತ್ತು, ಕೈಗೆ ನೀರು ಹಾಕು!"

"ತೇಗಿದ್ರ ತಾಟು ಎತ್ತು!"

ಬೇಸ್ತವಾರ ಬಂತು. ಶಿವಗಂಗವ್ವ ನಸುಕಿನಿಂದ ಕುಂತಲ್ಲೇ ಕುಂತು ರೊಟ್ಟಿ ಬಡಿದಳು. ಸಾವ್ಕಾರ ಮುರಿಗೆಪ್ಪ ಬಂದ. ದೊಡ್ಡ ದೇಹ, ಚಿಕ್ಕ ಕಣ್ಣು, ಮಾತು ಕಡಿಮೆ. ಅವನಿಗೆ ವಾಯುವಿನ ಬಾಧೆ, ಬರುವ ದಾರಿಯಲ್ಲಿ ಒಂದು ಸೋಡಾ ಕುಡಿದಿದ್ದ. ನಟ್ಟನಡುವೆ ಕೂತ. ಆಚೆ ಈಚೆ ಮೂವತ್ತು ಮಂದಿ. ಅಡಿವೆಪ್ಪ ರೊಟ್ಟಿ ಹಾಕಿದ, ಎಣಗಾಯಿ ಹಾಕಿದ, ಬೆಣ್ಣೆ ಇಟ್ಟ. ಒಂದೂ ತಪ್ಪಿಲ್ಲ! ಒಳಗೆ ಶಿವಗಂಗವ್ವ ಕಣ್ಣು ಮುಚ್ಚಿ ಶಿವನೇ ಶಿವನೇ ಅನ್ನುತ್ತಿದ್ದಳು.

ಸಾವ್ಕಾರ ರೊಟ್ಟಿಗೆ ಕೈ ಹಚ್ಚಿದ. ಮುರಿದ. ಬಾಯಿ ತೆರೆದ.

"ಹ್ಞಾವ್!"

ಸೋಡಾದ ತೇಗು!

ಅಡಿವೆಪ್ಪ ಸರಕ್ಕನೆ ತಾಟು ಎಳೆದುಕೊಂಡ. ಸಾವ್ಕಾರನ ಚಾಚಿದ ಕೈ ಮೇಲೆ ನೀರು ಸುರಿದ. "ಊಟ ಆತ್ರಿ! ಏಳ್ರಿ!"

ಉಣ್ಣಲು ಕೂತವನ ಮುಂದಿನ ತಾಟು ಎತ್ತುವುದೆಂದರೆ ನಮ್ಮ ಕಡೆ ಕಪಾಳಕ್ಕೆ ಹೊಡೆದಂತೆ. ಸಾವ್ಕಾರ ಕೈ ಹಿಂದಕ್ಕೆ ಎಳೆದುಕೊಂಡ. ಒದ್ದೆ ಕೈ ಧೋತರಕ್ಕೆ ಒರೆಸಿದ. ಎದ್ದ. ಅವನು ಎದ್ದರೆ ಉಳಿದವರು ಕೂತಾರೆಯೇ? ಮೂವತ್ತು ಮಂದಿ ತುಂಬಿದ ತಾಟು ಬಿಟ್ಟು ರಸ್ತೆ ದಾಟಿದರು.

ಉಳಿದ ರೊಟ್ಟಿ ಬಡಿದು ಮುಗಿಸಿ ಎಷ್ಟೋ ಹೊತ್ತಿಗೆ ಶಿವಗಂಗವ್ವ ಹೊರಗೆ ಬಂದು ನೋಡಿದಳು. ಹೊಸ್ತಿಲ ಮೇಲೆ ಕೂತಳು. ಬೈಯಲೂ ಶಕ್ತಿ ಇರಲಿಲ್ಲ. "ಹ್ವಾದ್ರಲ್ಲೋ! ಹಸಗೊಂಡು ಹ್ವಾದ್ರಲ್ಲೋ! ಎಲ್ಲೆರ ಕುಂದರ್ಲಿ, ಅವರ ಹೊಟ್ಟಿಗೆ ನನ್ನ ರೊಟ್ಟಿ ಬೀಳಬೇಕಿತ್ತಲ್ಲೋ!"

"ಅಷ್ಟ ಏನವ್ವಾ?" ಅಂದ ಅಡಿವೆಪ್ಪ. ತಲೆ ಮೇಲೆ ರೊಟ್ಟಿ ಬುಟ್ಟಿ, ಒಂದು ಕೈಯಲ್ಲಿ ಎಣಗಾಯಿ, ಇನ್ನೊಂದರಲ್ಲಿ ಸಾರಿನ ಬಕೆಟ್. ಹೊರಟೇಬಿಟ್ಟ!

ಆಚೆ ಹೋಟೆಲಿನಲ್ಲಿ ಏನು ನಡೆದಿತ್ತು? ಎಲ್ಲರ ಕೈಗೂ ಒಂದೊಂದು ಮೆನು ಕಾರ್ಡು ಕೊಟ್ಟಿದ್ದರು. ನೀರು ಬಂದಿತ್ತು. ನೀರಿನ ನಂತರ ಏನೂ ಬಂದಿರಲಿಲ್ಲ. ಕೇಳಿದರೆ "ಐದು ನಿಮಿಷ ಸರ್" ಅನ್ನುತ್ತಿದ್ದರು. ಐದೈದು ನಿಮಿಷ ಸೇರಿ ಮುಕ್ಕಾಲು ಗಂಟೆ ಆಗಿತ್ತು. ಸಾವ್ಕಾರನ ಹೊಟ್ಟೆ ಕವಕವ ಅನ್ನುತ್ತಿತ್ತು. ಅಷ್ಟರಲ್ಲಿ ಗಾಜಿನ ಬಾಗಿಲನ್ನು ಬೆನ್ನಿನಿಂದ ದಬ್ಬಿ ಅಡಿವೆಪ್ಪ ಒಳಗೆ ಬಂದ. ಯಾರನ್ನೂ ಕೇಳಲಿಲ್ಲ. ಅವರ ಮೇಜು, ಅವರ ಪ್ಲೇಟು, ಅವ್ವನ ರೊಟ್ಟಿ!

ಹೋಟೆಲಿನ ಮಾಲೀಕ ಓಡಿಬಂದು ಅಂಗಿಯ ಕಾಲರ್ ಹಿಡಿದ. "ಏಯ್! ಹೊರಗ ನಡಿ!"

"ಬಿಡೋ ಅವನ್ನ!" ಗುಡುಗಿದವನು ಸಾವ್ಕಾರ. ಬಾಯಿ ತುಂಬ ಎಣಗಾಯಿ. "ನಾವು ಉಣ್ಣಾಕತ್ತೀವಿ ಕಾಣಸೂದಿಲ್ಲ?"

ಉಂಡರು. ಮೂವತ್ತು ಮಂದಿಯೂ ಉಂಡರು. ಉಂಡು ಸಾವ್ಕಾರ ನೇರ ಖಾನಾವಳಿಯ ಬಾಗಿಲಿಗೆ ಬಂದ. "ತಂಗೀ, ಹಿಂಥಾ ಊಟ ಎಲ್ಲೂ ಇಲ್ಲ. ನಾಳೆ ಮತ್ತ ಬರ್ತೀವಿ, ನಿನ್ನ ಪಡಸಾಲ್ಯಾಗ ಕುಂತು ಉಣ್ತೀವಿ. ನಾಳೆ ಒಂದ ದಿನ ನೋಡ್ತೀನಿ. ಮತ್ತ ತಪ್ಪಿದ್ರ ನನ್ನ ಕೇಳಬ್ಯಾಡ."

ಶಿವಗಂಗವ್ವನಿಗೆ ಹೋದ ಜೀವ ಬಂತು. ಮಗನ ತಲೆ ಸವರಿದಳು. "ಭೇಷ್ ನನ್ನ ಮಗನ! ಇವತ್ತ ಹೆಂಗ ನೀಡಿದಿ, ನಾಳೆನೂ ಹಂಗ ನೀಡಪಾ!"

ಹುಟ್ಟಿ ಮೂವತ್ತೆರಡು ವರ್ಷಕ್ಕೆ ಮೊದಲನೇ ಭೇಷ್! ಅಡಿವೆಪ್ಪ ಅದನ್ನು ಹೇಗೆ ಮರೆತಾನು?

ಮರುದಿನ ಮಧ್ಯಾಹ್ನ ಮೂವತ್ತು ಮಂದಿ ಪಡಸಾಲೆಯಲ್ಲಿ ಸಾಲಾಗಿ ಕೂತರು. ನಡುವೆ ಸಾವ್ಕಾರ. ಮುಂದೆ ತಾಟು. ತಾಟಿನಲ್ಲಿ ಏನೂ ಇಲ್ಲ. ಕಾದರು. ದಾವಲಸಾಬ ಕೆಮ್ಮಿದ. ಇನ್ನೂ ಕಾದರು. ಒಳಗಿದ್ದ ಶಿವಗಂಗವ್ವನಿಗೆ ಊಟದ ಸಪ್ಪಳ ಕೇಳಿಸಲಿಲ್ಲ. ಎದ್ದು ಬಂದಳು. ಬುಟ್ಟಿ ಇಲ್ಲ! ಪಾತ್ರೆ ಇಲ್ಲ! ಮಗನೂ ಇಲ್ಲ! ರಸ್ತೆಯ ಆಚೆ ನೋಡಿದಳು.

ಗಾಜಿನ ಬಾಗಿಲ ಒಳಗೆ ಅಡಿವೆಪ್ಪ ಬೆವರು ಸುರಿಸಿಕೊಂಡು ನೀಡುತ್ತಿದ್ದ. ನೂಡಲ್ಸ್ ಕೇಳಿ ಕೂತವರಿಗೂ ರೊಟ್ಟಿ, ದೋಸೆ ಕೇಳಿದವರಿಗೂ ರೊಟ್ಟಿ. ಹೋಟೆಲಿನ ಮಾಲೀಕ ಕೈಮುಗಿದು ಹಿಂದೆ ಹಿಂದೆ ಓಡುತ್ತಿದ್ದ. ಅವ್ವನನ್ನು ಕಂಡು ಅಡಿವೆಪ್ಪ ಸೌಟು ಎತ್ತಿ ಕೂಗಿದ. "ಅವ್ವಾ! ನಿನ್ನೆ ಹಂಗ ನೀಡಾಕತ್ತೀನಿ!"

ಶಿವಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ಸಾವ್ಕಾರನ ಮುಖ ನೋಡಿದರು. ಸಾವ್ಕಾರ ಆಚೆ ಬುಟ್ಟಿಯನ್ನು ನೋಡಿದ, ಈಚೆ ತನ್ನ ತಾಟನ್ನು ನೋಡಿದ. ತಾಟು ಕೈಗೆತ್ತಿಕೊಂಡು ಎದ್ದ.

"ಏಳ್ರೆಪಾ. ರೊಟ್ಟಿ ಆ ಕಡೆ ಐತಿ."

ಮೂವತ್ತು ಮಂದಿ ಮೂವತ್ತು ಖಾಲಿ ತಾಟು ಹಿಡಿದು ಸಾವ್ಕಾರನ ಹಿಂದೆ ರಸ್ತೆ ದಾಟಿದರು. ಲಾರಿಗಳು ನಿಂತು ದಾರಿ ಬಿಟ್ಟವು.

ಶಿವಗಂಗವ್ವ ಮಗನನ್ನು ಬೈಯಲು ಬಾಯಿ ತೆರೆದಳು. ತೆರೆದವಳು ತಡೆದಳು. ಬೈದರೆ ಬುದ್ಧಿ ಹೇಳಬೇಕು. ಬುದ್ಧಿ ಹೇಳಿದರೆ ನಾಳೆ ಅವನು ಅದನ್ನೇ ಮಾಡುತ್ತಾನೆ! ಬಾಯಿ ಮುಚ್ಚಿಕೊಂಡು, ಮಜ್ಜಿಗೆಯ ಕೊಡ ಸೊಂಟಕ್ಕಿಟ್ಟು, ತಾನೂ ರಸ್ತೆ ದಾಟಿದಳು.